ಹೆಜ್ಜೆಯ ಲೆಕ್ಕ, ತುತ್ತಿನ ಲೆಕ್ಕ

ನಮ್ಮ ಶರೀರವು ನಮ್ಮ ಸ್ವಂತ ಸೊತ್ತಲ್ಲ. ಅದು ಅಲ್ಲಾಹನು ನಮಗೆ ಒಪ್ಪಿಸಿರುವ ಅಮಾನತ್ತು. ಅಮಾನತ್ತಿಗೆ ಲೆಕ್ಕ ಕೊಡಲೇಬೇಕು. ಮದ್ರಸದಲ್ಲಿ ಮಕ್ಕಳಿಗೆ ನಿತ್ಯ ಹೇಳುವ ಈ ಮಾತು, ಕಳೆದ ವರ್ಷ ನನ್ನ ಪತ್ನಿಯ ರಕ್ತದಲ್ಲಿ ಸಕ್ಕರೆ ಏರಿದೆ, ತೂಕ ಇಳಿಸಲೇಬೇಕು ಎಂದು ವೈದ್ಯರು ಎಚ್ಚರಿಸಿದಾಗ ನಮ್ಮ ಮನೆಯ ಮಾತೇ ಆಯಿತು.

ಮಗನು ಆಕೆಯ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟನು. ಫೋನಿನೊಳಗಿನ ಪುಟ್ಟ ಸೆನ್ಸರ್ ಅಲುಗಾಟವನ್ನು ಗುರುತಿಸುತ್ತದೆ. ಆ್ಯಪ್ ಅದರಿಂದ ಹೆಜ್ಜೆಗಳನ್ನು ಲೆಕ್ಕ ಹಾಕುತ್ತದೆ. ಮೊದಲ ದಿನ ಅದು ತೋರಿಸಿದ್ದು ಇನ್ನೂರು ಹೆಜ್ಜೆಗಳನ್ನು ಮಾತ್ರ! ಫಜ್ರ್‌ನಿಂದ ಇಶಾವರೆಗೆ ಆಕೆ ಅಡುಗೆಮನೆ, ಹಿತ್ತಲು, ಅಂಗಳಗಳ ನಡುವೆ ಓಡಾಡುತ್ತಿದ್ದರೆ ಫೋನು ಗೋಡೆಯ ಗೂಡಿನಲ್ಲಿತ್ತು. ನನ್ನ ಜುಬ್ಬಾದ ಜೇಬಿನಲ್ಲಿದ್ದ ಫೋನಾದರೋ, ತುರುವೇಕೆರೆ ರಸ್ತೆಯಲ್ಲಿ ಬೈಕು ಕುಲುಕಿದ್ದನ್ನೂ ಕೆಲವೊಮ್ಮೆ ಹೆಜ್ಜೆಯೆಂದೇ ಬರೆದುಕೊಂಡಿತ್ತು. ಅಣುವಿನಷ್ಟನ್ನೂ ಬಿಡದ ಲೆಕ್ಕವು ಅಲ್ಲಾಹನ ಬಳಿ ಮಾತ್ರವಿದೆ.

ದಿನಕ್ಕೆ 10,000 ಹೆಜ್ಜೆ ಎಂಬ ಜನಪ್ರಿಯ ಗುರಿಯೂ ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕವೊಂದರ ಹೆಸರಿನಿಂದ ಹರಡಿದ್ದು.

ಇನ್ನು ತುತ್ತಿನ ಲೆಕ್ಕವನ್ನು ಜೇಬಿನ ಫೋನು ತಾನಾಗಿಯೇ ಇಡಲಾರದು. ತಿಪಟೂರಿನ ಸೀಮೆಯಲ್ಲಿ ಅಟ್ಟದ ಮೇಲೆ ಕೊಬ್ಬರಿ ಇಲ್ಲದ ತೋಟದ ಮನೆಯಿಲ್ಲ, ಕಾಯಿ ಬೀಳದ ಸಾರಿಲ್ಲ. ನೂರು ಗ್ರಾಂ ಕೊಬ್ಬರಿಯಲ್ಲಿ ಆರುನೂರಕ್ಕೂ ಹೆಚ್ಚು ಕ್ಯಾಲರಿಗಳಿವೆ. ಒಂದು ಗಂಟೆಯ ನಡಿಗೆಯಿಂದ ಅದರ ಅರ್ಧ ಕರಗುವುದೂ ಕಷ್ಟ. ಕೊಬ್ಬರಿ ಅಲ್ಲಾಹನ ಅನುಗ್ರಹವೇ ಸರಿ. ಮಿತಿಮೀರುವುದು ಮಾತ್ರ ನಮ್ಮದು. ಹಗಲೆಲ್ಲ ಉಪವಾಸವಿದ್ದು ಇಫ್ತಾರಿನಲ್ಲಿ ಕರಿದ ತಿಂಡಿಗಳ ಮೇಲೆ ಬೀಳುವವರು, ಹೊಟ್ಟೆಯ ಮೂರನೆಯ ಒಂದು ಭಾಗವನ್ನು ಆಹಾರಕ್ಕೆ, ಒಂದನ್ನು ನೀರಿಗೆ, ಒಂದನ್ನು ಉಸಿರಿಗೆ ಬಿಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನೆನೆಯಬೇಕು.

ಈಗ ಪತ್ನಿಯು ಅಸ್ರ್ ನಮಾಝಿನ ಬಳಿಕ ಫೋನನ್ನು ಪುಟ್ಟ ಚೀಲದಲ್ಲಿ ಸೊಂಟಕ್ಕೆ ಕಟ್ಟಿಕೊಂಡು ತೋಟದ ದಾರಿಯಲ್ಲಿ ನಡೆಯುತ್ತಾಳೆ. ತಿಂದದ್ದನ್ನು ರಾತ್ರಿ ಅದರಲ್ಲೇ ಬರೆದಿಡುತ್ತಾಳೆ. ತಿಂಗಳಿಗೊಮ್ಮೆ ದರ್ಜಿಯ ಟೇಪಿನಿಂದ ಸೊಂಟದ ಅಳತೆ ನೋಡುತ್ತಾಳೆ. ಭಾರತೀಯ ಸ್ತ್ರೀಯರಿಗೆ ಅದು 80 ಸೆಂಟಿಮೀಟರ್ ಮೀರಬಾರದೆಂಬುದು ವೈದ್ಯರ ಸಲಹೆ. ಆರು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದೆ. ಅಲ್‌ಹಮ್ದುಲಿಲ್ಲಾಹ್.

ದಿನದ ಕೊನೆಗೆ ತನ್ನನ್ನು ತಾನೇ ವಿಚಾರಿಸಿಕೊಳ್ಳುವುದನ್ನು ನಮ್ಮ ಹಿರಿಯರು ಮುಹಾಸಬ ಎಂದರು. ಯಂತ್ರವು ಅದಕ್ಕೆ ಸಾಕ್ಷಿಯಾಗಬಹುದು, ಸಂಕಲ್ಪ ಮಾಡಲಾರದು. ಆ ಸಂಕಲ್ಪವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.