ತಲೆಕೆಳಗಾದ ಬಾಟಲಿ

ನಮ್ಮ ಮನೆಯ ಅಡುಗೆ ತಕ್ಕಡಿಯಲ್ಲಿ ಈಚೆಗೆ ರವೆ, ಮೈದಾ ತೂಗುವುದು ಕಡಿಮೆ. ಹೋದ ವಾರ ಅದರ ಮೇಲೆ ಕುಳಿತವು: ಟೆಂಟಿನ ಆರು ಗೂಟ, ಎರಡು ಜೊತೆ ಉಣ್ಣೆಯ ಕಾಲುಚೀಲ, ಒಂದು ಟಾರ್ಚು, ನನ್ನ ಹಲ್ಲುಜ್ಜುವ ಬ್ರಷ್ಷು. ಬ್ರಷ್ಷಿನ ಹಿಡಿ ಕತ್ತರಿಸಿದರೆ ಎಂಟು ಗ್ರಾಂ ಉಳಿಯುತ್ತದೆಂದು ಗರಗಸ ಹುಡುಕುತ್ತಿದ್ದಾಗ ಹೆಂಡತಿ ಕೇಳಿದಳು: "ಹೊಟ್ಟೆ ಎಷ್ಟು ಗ್ರಾಂ ಬಂತ್ರೀ?"

ಕೊಸಿಯಸ್ಕೊ ಬೆಟ್ಟಕ್ಕೆ ಹೋಗುವ ನಮ್ಮ ಯೋಜನೆಗೆ ಇದು ಏಳನೇ ಚಳಿಗಾಲ. ಆಸ್ಟ್ರೇಲಿಯಾದ ಮುಖ್ಯಭೂಮಿಗೆಲ್ಲ ಎತ್ತರದ ಬೆಟ್ಟ, 2,228 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 300 ಮೀಟರ್ ಮಾತ್ರ ಹೆಚ್ಚು. ಸಿಡ್ನಿಯಿಂದ ಥ್ರೆಡ್‌ಬೊ ಊರಿಗೆ ಐದಾರು ತಾಸು ಕಾರು, ಚೇರ್‌ಲಿಫ್ಟ್ ಹತ್ತಿ ಮೇಲೆ ಇಳಿದರೆ ಶಿಖರಕ್ಕೆ ಹೋಗಿಬರಲು 13 ಕಿಲೋಮೀಟರ್. ಬೇಸಿಗೆಯಲ್ಲಿ ಲೋಹದ ಜಾಲರಿ ಹಾಸಿದ ಸಲೀಸು ದಾರಿ. ಆಗಸ್ಟಿನಲ್ಲಿ ಆ ದಾರಿಯೇ ಹಿಮದಡಿ. ಈ ಹಗಲು ನಡಿಗೆಗೆ ಹಿಮದಲ್ಲೊಂದು ರಾತ್ರಿ ಮಲಗುವ ಬಾಲ ಅಂಟಿಸಿದ್ದು ಮಗ. ಅವನಿಗಾಗ ಹನ್ನೆರಡು.

ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ, "ಮಂಜಿನಲ್ಲಿ ಮಲಗ್ತೀವಿ." "ಶ್ರಾವಣದಾಗೆ ಎಂಥ ಮಂಜು ಮಾರಾಯಾ? ತಲೆಗೊಂದು ಮಫ್ಲರ್ ಸುತ್ತಿಕೋ" ಅಂದಳು. ತಪ್ಪು ಅವಳದಲ್ಲ. ಕೊಡಚಾದ್ರಿಯಲ್ಲಿ ಬೆಳಗ್ಗೆ ಮುಖಕ್ಕೆ ಮುತ್ತಿ ಎಂಟು ಗಂಟೆಗೆ ಹೇಳದೆ ಕೇಳದೆ ಹೋಗುವುದೂ ಮಂಜು, ಇಲ್ಲಿ ಬಿದ್ದು ಕಲ್ಲಾಗಿ ತಿಂಗಳುಗಟ್ಟಲೆ ಕೂರುವುದೂ ಮಂಜು. ಒಂದೇ ಪದಕ್ಕೆ ಎಷ್ಟಂತ ಚಾಕರಿ! ಕಾಲೇಜಿನಲ್ಲಿದ್ದಾಗ ನಾನು ಕೊಡಚಾದ್ರಿಗೆ ಹೋಗಿದ್ದು ಒಂದು ಕಂಬಳಿ, ಒಂದು ಪೊಟ್ಟಣ ಅವಲಕ್ಕಿ ಹಿಡಿದು. ಆಗ ಪಟ್ಟಿಯೆಂಬುದೇ ಇರಲಿಲ್ಲ.

ಈಗಿನ ಪಟ್ಟಿ ನಾಲ್ಕು ಹಾಳೆ. ಹತ್ತಿ ಬಟ್ಟೆ ಕೂಡದು, ನೆಂದರೆ ಮೈಯ ಶಾಖವನ್ನೇ ಹೀರುತ್ತದೆ. ಬರೀ ಬ್ಯೂಟೇನ್ ತುಂಬಿದ ಗ್ಯಾಸ್ ಡಬ್ಬಿ ಸೊನ್ನೆ ಡಿಗ್ರಿಯ ಹತ್ತಿರ ಮುಷ್ಕರ ಹೂಡುತ್ತದೆ; ಪ್ರೊಪೇನ್ ಬೆರೆಸಿದ್ದೇ ಬೇಕು. ಸಡಿಲ ಹಿಮದಲ್ಲಿ ಗೂಟ ನಿಲ್ಲದು, ಚೀಲಕ್ಕೆ ಹಿಮ ತುಂಬಿ ಹಗ್ಗ ಬಿಗಿದು ಹೂಳಬೇಕು. ಹಿಮ ಕರಗಿಸುವಾಗ ಪಾತ್ರೆಯ ತಳಕ್ಕೆ ಮೊದಲು ಒಂದಿಷ್ಟು ನೀರು ಹಾಕಬೇಕು, ಇಲ್ಲದಿದ್ದರೆ ತಳ ಸೀಯುತ್ತದೆ. ಇದನ್ನು ಓದಿ ಒಬ್ಬನೇ ನಕ್ಕೆ. ಹಾಲು ಕಾಯಿಸುವ ಮುಂಚೆ ಅಮ್ಮ ಮಾಡುತ್ತಿದ್ದುದೂ ಇದನ್ನೇ. ಇನ್ನು ಬಹಿರ್ದೆಸೆಯ ವಿಚಾರ: ಹಿಮದಲ್ಲಿ ಹೂಳುವಂತಿಲ್ಲ, ಮುಚ್ಚಳವಿರುವ ಪ್ಲಾಸ್ಟಿಕ್ ಪೈಪಿನಲ್ಲಿ ತುಂಬಿ ವಾಪಸ್ ಹೊತ್ತು ತರಬೇಕು. ಇದನ್ನು ಅಮ್ಮನಿಗೆ ಹೇಳಿಲ್ಲ.

ಸೀಮನ್ಸ್ ಹಟ್ ಎಂಬ ಕಲ್ಲುಮನೆಯ ಸಂಗತಿಯನ್ನೂ ಹೇಳಿಲ್ಲ. 1928ರ ಚಳಿಗಾಲದಲ್ಲಿ ಹಿಮದಲ್ಲಿ ಸಿಕ್ಕಿ ಸತ್ತ ಲಾರಿ ಸೀಮನ್ ಎಂಬಾತನ ನೆನಪಿಗೆ ಮರುವರ್ಷ ಕಟ್ಟಿದ್ದು. ಮಲಗಲಿಕ್ಕಲ್ಲ, ಆಪತ್ತಿಗೆ ಮಾತ್ರ. ಮಗನನ್ನು ಕಳೆದುಕೊಂಡ ಮನೆಯವರು ಬೇರೆಯವರ ಮಕ್ಕಳಿಗೆಂದು ಗೋಡೆ ಎಬ್ಬಿಸಿದರಲ್ಲ ಎಂದು ಯೋಚಿಸುತ್ತ ಪಟ್ಟಿಗೆ ಇನ್ನೊಂದು ಟಾರ್ಚು ಸೇರಿಸಿದೆ.

ಹೋಗಲಿಲ್ಲ ಯಾಕೆ? ಒಂದು ವರ್ಷ ಮಗನ ಪರೀಕ್ಷೆ. ಒಂದು ವರ್ಷ ಹಿಮವೇ ಸಾಲದು. ಒಂದು ವರ್ಷ ಥ್ರೆಡ್‌ಬೊ ತನಕ ಹೋದೆವು. ಗಾಳಿಗೆ ಚೇರ್‌ಲಿಫ್ಟ್ ನಿಂತಿತ್ತು, ಕಾರಿನಲ್ಲಿ ಕೂತು ಪುಳಿಯೋಗರೆ ತಿಂದು ವಾಪಸ್. ಆಮೇಲೆ ನನ್ನ ಮಂಡಿ. ಈಗ ಮಗ ಪರ್ತ್‌ನಲ್ಲಿ ಓದುತ್ತಾನೆ. ಫೋನಿನಲ್ಲಿ "ಮುಂದಿನ ವರ್ಷ ಪಕ್ಕಾ ಅಪ್ಪಾ" ಎನ್ನುತ್ತಾನೆ, ನಾನು ಅವನ ಪರೀಕ್ಷೆ ಮುಗಿಯಲಿ ಎನ್ನುತ್ತಿದ್ದ ಅದೇ ದನಿಯಲ್ಲಿ.

ಟೆಂಟು ಬೂಷ್ಟು ಹಿಡಿಯಬಾರದೆಂದು ಶನಿವಾರ ಹಿತ್ತಲ ಹುಲ್ಲಿನ ಮೇಲೆ ಕಟ್ಟಿದೆ. ಕಟ್ಟಿದ ಮೇಲೆ ಮಲಗದಿದ್ದರೆ ಹೇಗೆ? ಹೊರಗೆ ಒಂಬತ್ತು ಡಿಗ್ರಿ, ನನ್ನ ಮಲಗುವ ಚೀಲ ಮೈನಸ್ ಹತ್ತರದ್ದು. ನಡುರಾತ್ರಿ ಬೆವರಿ ಎದ್ದು ಕೂತೆ. ಆದರೂ ನಿಯಮ ನಿಯಮವೇ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು, ಆಗ ಬಾಯಿ ಕಟ್ಟುವುದಿಲ್ಲ. ನಿಲ್ಲಿಸಲು ಆಧಾರ ಬೇಕಲ್ಲ? ಗ್ಯಾರೇಜಿನಲ್ಲಿ ಮಗನ ಹಿಮದ ಬೂಟು ಸಿಕ್ಕಿತ್ತು. ನಾಲ್ಕನೇ ನಂಬರು, ಮೊದಲನೇ ವರ್ಷ ಕೊಂಡದ್ದು, ಬೆಲೆಯ ಚೀಟಿ ಇನ್ನೂ ಅಡಿಗೆ ಅಂಟಿಕೊಂಡಿತ್ತು. ಬಾಟಲಿ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಬೆಳಗ್ಗೆ ನೋಡಿದರೆ ಮುಚ್ಚಳ ಸಡಿಲ. ಬೂಟು ತುಂಬ ನೀರು. ಬಗ್ಗಿಸಿ ಚೆಲ್ಲಿ, ನಾಲಗೆ ಹೊರಗೆಳೆದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಎರಡು ಕ್ಲಿಪ್ಪು ಹಾಕಿ ನೇತುಹಾಕಿದೆ.