ಎಡಪುಟ ಕಂಡದ್ದು, ಬಲಪುಟ ಕೇಳಿದ್ದು

ಕ್ರಿಸ್ಮಸ್ ರಜೆಗೆ ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದ ಮೊಮ್ಮಗಳು ಕಬಕ ಪುತ್ತೂರು ನಿಲ್ದಾಣದಲ್ಲಿ ಅಪ್ಪನ ಜೊತೆ ಇಳಿದವಳೇ ಚೀಲದಿಂದ ಹೊಸ ನೋಟ್ ಪುಸ್ತಕ ತೆಗೆದು ತೋರಿಸಿದಳು. ಆರನೆಯ ತರಗತಿಯ ಮಕ್ಕಳೆಲ್ಲ ರಜೆಯಲ್ಲಿ ಪ್ರಕೃತಿ ದಿನಚರಿ ಬರೆಯಬೇಕಂತೆ. ದಿನಾಂಕ, ಗಂಟೆ, ಸ್ಥಳ, ಕಂಡ ಪ್ರಾಣಿ, ಅದು ಏನು ಮಾಡುತ್ತಿತ್ತು, ಇಷ್ಟು. “ಅಜ್ಜಾ, ಚಳಿಗಾಲದಲ್ಲಿ ಪ್ರಾಣಿಗಳೆಲ್ಲ ಮಲಗಿರುತ್ತವೆ ಅಂತ ಒಂದು ಪುಸ್ತಕದಲ್ಲಿತ್ತು. ಇಲ್ಲಿ ಏನಾದರೂ ಸಿಗುತ್ತದಾ?”

ಹಿಮ ಬೀಳುವ ದೇಶದವರು ಬರೆದ ಪುಸ್ತಕ ಇರಬೇಕು ಅದು. ನಮ್ಮಲ್ಲಿ ವರ್ಷದ ಅತಿ ಸಣ್ಣ ಹಗಲೂ 11 ಗಂಟೆಗೆ ಮೀರಿಯೇ ಇರುತ್ತದೆ. ಧನು ತಿಂಗಳು, ತುಳುವಿನಲ್ಲಿ ಪೆರಾರ್ದೆ, ಬಂತೆಂದರೆ ಬೆಳಗ್ಗೆ ಮಂಜು, ಹತ್ತು ಗಂಟೆಗೆ ಬೆವರು. ಅಂಗಳದಲ್ಲಿ ಅಡಕೆ ಒಣಗುತ್ತಿರುತ್ತದೆ. ರಾತ್ರಿ ಎಲ್ಲಿಂದಲೋ ಕೋಲದ ವಾದ್ಯ, ಇಲ್ಲವೇ ಯಕ್ಷಗಾನದ ಚೆಂಡೆ. ಮಲಗುವುದಕ್ಕೆ ಪುರುಸೊತ್ತಾದರೂ ಯಾರಿಗೆ?

“ಬೇಕಾದಷ್ಟು ಸಿಗುತ್ತದೆ” ಎಂದು ಜಂಬದಿಂದ ಹೇಳಿ ಅಲ್ಲೇ ಆನೆಯ ಕತೆ ಶುರು ಮಾಡಿದೆ. ಪುತ್ತೂರಿನ ಮಹಾಲಿಂಗೇಶ್ವರನ ಲಿಂಗವನ್ನು ಕೀಳಿಸಲು ಹಿಂದೆ ಅರಸನೊಬ್ಬ ಆನೆ ಕಟ್ಟಿ ಎಳೆಸಿದನಂತೆ. ಲಿಂಗ ಕದಲಲಿಲ್ಲ, ಆನೆಯೇ ಛಿದ್ರವಾಯಿತು. ಅದರ ಕೊಂಬು ಹೋಗಿ ಬಿದ್ದ ಜಾಗವೇ ಕೊಂಬೆಟ್ಟು. ಬೇರೆ ಅಂಗಗಳು ಬಿದ್ದ ಊರುಗಳನ್ನೂ ಹಿರಿಯರು ಬೆರಳು ಮಡಚಿ ಎಣಿಸುತ್ತಾರೆ. ಇಂದಿಗೂ ಆ ದೇವಸ್ಥಾನಕ್ಕೆ ಆನೆ ತರುವುದಿಲ್ಲ ಎನ್ನುತ್ತಾರೆ. ಊರಿನ ಹೆಸರಿಗೂ ಎರಡು ಕತೆ ಹೇಳಿದೆ. ದೇವಸ್ಥಾನದ ಕೆರೆಯಲ್ಲಿ ಮುತ್ತು ಬೆಳೆದು ಮುತ್ತೂರು ಪುತ್ತೂರಾಯಿತು ಎಂಬುದೊಂದು. ಹಳಗನ್ನಡದಲ್ಲಿ ಪುತ್ತು ಎಂದರೆ ಹುತ್ತ, ಹಾಗಾಗಿ ಇದು ಹಾವಿನ ಹುತ್ತಗಳ ಊರು ಎಂಬುದು ಇನ್ನೊಂದು.

“ನೀವು ನೋಡಿದ್ದಾ?” ಎಂದಳು.

“ಇಲ್ಲ, ನನ್ನ ಅಜ್ಜ ಹೇಳಿದ್ದು.”

“ಅವರು ನೋಡಿದ್ದಾ?”

ಉತ್ತರವಿರಲಿಲ್ಲ. ಆಗ ಅವಳು ಒಂದು ಏರ್ಪಾಡು ಮಾಡಿದಳು. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಕೇಳಿದ್ದು. ಪುತ್ತೂರಿನಲ್ಲಿ ಕಾಫಿ ಕುಡಿದು ಏಳುವಷ್ಟರಲ್ಲಿ ಬಲಪುಟ ತುಂಬಿತ್ತು, ಎಡಪುಟ ಖಾಲಿ. ನನಗೆ ಸ್ವಲ್ಪ ನಾಚಿಕೆಯಾಯಿತು ಎನ್ನಬೇಕು. ಎಪ್ಪತ್ತು ವರ್ಷದಿಂದ ಈ ಸೀಮೆಯಲ್ಲಿದ್ದೇನೆ, ಯಾವ ಪ್ರಾಣಿಯ ಹೆಸರೆತ್ತಿದರೂ ಒಂದು ಕತೆ ಹೇಳಬಲ್ಲೆ. ನಿಂತು ನೋಡಿದ್ದು ಎಷ್ಟು?

ಎಡಪುಟಕ್ಕೆ ಬೋಣಿಯಾದದ್ದು ಪರ್ಲಡ್ಕದ ಬಾಲವನದಲ್ಲಿ. ಶಿವರಾಮ ಕಾರಂತರು ಬಹುಕಾಲ ಬಾಳಿದ ಜಾಗ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಬರೆದವರು ಅವರು. ಅಲ್ಲಿ ಮರಗಳ ಅಡಿಯ ತರಗೆಲೆಯಲ್ಲಿ ಏನೋ ಚುರುಚುರು ಎಂದಿತು. ಸಣ್ಣ ಬಾಲ, ಹಸಿರು ಬೆನ್ನು, ಹೊಟ್ಟೆಯ ಅಡಿ ಕುಂಕುಮದ ಬಣ್ಣ. ನವರಂಗ! ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದಲ್ಲಿ ಮರಿ ಮಾಡಿ ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುವ ಹಕ್ಕಿ. ಬೆಳಗ್ಗೆ, ಸಂಜೆ ಹೊತ್ತು ತಪ್ಪದೆ ಕೂಗುವುದರಿಂದ ತಮಿಳರು ಇದನ್ನು ‘ಆರು ಗಂಟೆಯ ಹಕ್ಕಿ’ ಎಂದು ಕರೆಯುತ್ತಾರೆ. ಬಲಪುಟಕ್ಕೆ ಇದರ ಕತೆ ಕೇಳಿದಳು. ಅಪರೂಪಕ್ಕೆ ನನ್ನಲ್ಲಿ ಕತೆ ಇರಲಿಲ್ಲ.

ನಮ್ಮ ಮನೆ ಸುಳ್ಯದಾಚೆ, ಕಾಡಿನ ಅಂಚಿಗೆ. ಅಲ್ಲಿ ಬಲಪುಟಕ್ಕೆ ಅಜ್ಜಿ ಸಿಕ್ಕಿದಳು. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ ಎಂದಳು. ಮೊಮ್ಮಗಳು ಕೂತು ಎಣಿಸಿದಳು. ಎಡಪುಟದಲ್ಲಿ ಹೀಗಿದೆ: “ರಾತ್ರಿ 7ರಿಂದ 8. ಹಲ್ಲಿ 11 ಸಲ. 9 ಸಲ ಯಾರೂ ಮಾತಾಡುತ್ತಿರಲಿಲ್ಲ.”

ಪಂಜುರ್ಲಿಯ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಕಾಡುಹಂದಿಯ ರೂಪದ ದೈವ ಅದು, ನಮ್ಮ ಬೆಳೆ ಕಾಯುತ್ತದೆ ಎಂದು ನಂಬಿದವರು ನಾವು. ಬೆಳೆ ಅಗೆದು ಹಾಕುವುದೂ ಹಂದಿಯೇ. “ದೈವ ಅಂದಮೇಲೆ ಓಡಿಸುವುದು ಯಾಕೆ?” ಅಜ್ಜಿ ಅಡಕೆ ಹೆಕ್ಕುತ್ತಲೇ ಹೇಳಿದಳು: “ದೈವಕ್ಕೆ ನಾವಾಗಿ ಕೊಡುವುದು. ಹಂದಿ ತಾನಾಗಿ ತಿನ್ನುವುದು. ಎರಡಕ್ಕೂ ಲೆಕ್ಕ ಬೇರೆ.”

ಮೂರನೆಯ ರಾತ್ರಿ ಎರಡು ಗಂಟೆಗೆ ಕೆಳಗಿನ ತೋಟದಲ್ಲಿ ಬಾಳೆ ಸಿಗಿಯುವ ಶಬ್ದ ಕೇಳಿಸಿತು. ದೀಪ ಹಾಕಲಿಲ್ಲ, ಬಾಗಿಲು ತೆರೆಯಲಿಲ್ಲ. ಅಜ್ಜಿ ಕತ್ತಲಲ್ಲೇ ಕೈಮುಗಿದು, “ಗಣಪತಿ ಬಂದಿದ್ದಾನೆ, ಮಾತಾಡಬೇಡಿ” ಎಂದಳು. ಮೊಮ್ಮಗಳ ಬೆರಳು ನನ್ನ ಕೈಯಲ್ಲಿ ತಣ್ಣಗಿತ್ತು. ನನಗೂ ಧೈರ್ಯವಿರಲಿಲ್ಲ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಒಂದೇ ಬೆಳಗ್ಗೆ ಆನೆಯಿಂದ ಇಬ್ಬರು ಸತ್ತದ್ದನ್ನು ಈ ಕಡೆಯವರು ಮರೆತಿಲ್ಲ. ಅದೇ ವರ್ಷ ಏಪ್ರಿಲಿನಲ್ಲಿ ಸುಳ್ಯದ ಅಜ್ಜಾವರದಲ್ಲಿ ತೋಟದ ಕೆರೆಗೆ ಬಿದ್ದಿದ್ದ ನಾಲ್ಕು ಆನೆಗಳಿಗೆ ಮಣ್ಣು ಅಗೆದು ದಾರಿ ಮಾಡಿಕೊಟ್ಟು ಮೇಲೆ ಹತ್ತಿಸಿದವರೂ ಈ ಕಡೆಯವರೇ.

ಬೆಳಕು ಹರಿದು, ಅರಣ್ಯ ಇಲಾಖೆಯವರು ಬಂದು ಆನೆ ದಾಟಿದೆ ಎಂದ ಮೇಲೆಯೇ ತೋಟಕ್ಕಿಳಿದೆವು. (ಮಕ್ಕಳೇ, ಹಾಗೆ ಹೇಳುವವರೆಗೆ ನೀವೂ ಇಳಿಯಬಾರದು.) ಹದಿನಾಲ್ಕು ಬಾಳೆ, ಏಳು ಅಡಕೆಮರ ನೆಲದಲ್ಲಿದ್ದವು. ನಾನು ನಷ್ಟ ಎಣಿಸುತ್ತಿದ್ದರೆ ಅವಳು ಕೆಸರಿನಲ್ಲಿದ್ದ ಹೆಜ್ಜೆಯ ಸುತ್ತ ಹಗ್ಗ ಇಡುತ್ತಿದ್ದಳು. ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡು ಪಟ್ಟು ಎಂದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ. ಇದನ್ನು ಅವಳಿಗೆ ಹೇಳಿಕೊಟ್ಟದ್ದು ಬಂದಿದ್ದ ಸಿಬ್ಬಂದಿಯೊಬ್ಬರು. ಅವಳು ಮೊದಲು ಅಳೆದದ್ದು ಹಿಂಗಾಲಿನದು. ಮುಂಗಾಲಿನ ಹೆಜ್ಜೆ ದುಂಡಗೆ, ಹಿಂಗಾಲಿನದು ಉದ್ದುದ್ದ ಎಂದು ಅವರೇ ತಿದ್ದಿದರು. ಮತ್ತೆ ಅಳೆದಾಗ 122 ಸೆಂಟಿಮೀಟರ್ ಬಂತು. ಎರಡು ಪಟ್ಟು 244, ಎಂಟು ಅಡಿ. ಮನೆಗೆ ಬಂದು ಸ್ಟೂಲ್ ಹತ್ತಿ ಚಾವಡಿಯ ಗೋಡೆಯ ಮೇಲೆ ಅಷ್ಟು ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅದರ ಕೆಳಗೆ ನಿಂತು ನೋಡಿದರೆ ರಾತ್ರಿ ಬಂದುಹೋದವನು ಯಾರೆಂದು ಗೊತ್ತಾಗುತ್ತದೆ.

ಆದರೆ ಯಾವ ಪುಟಕ್ಕೆ? “ಆನೆಯನ್ನು ನೋಡಲಿಲ್ಲ, ಶಬ್ದ ಮಾತ್ರ ಕೇಳಿದ್ದು. ಹಾಗಂತ ಇದು ಕತೆ ಅಲ್ಲವಲ್ಲ” ಎಂದು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಶಬ್ದ, ಹೆಜ್ಜೆ, ಹದಿನಾಲ್ಕು ಬಾಳೆ ಎಡಕ್ಕೆ ಹೋದವು. ಅಜ್ಜಿ ಕೈಮುಗಿದದ್ದು ಬಲಕ್ಕೆ. ಮಾರನೆಯ ದಿನ ಅದನ್ನು ಅಲ್ಲಿಂದ ಅಳಿಸಿ ಎಡಕ್ಕೇ ಬರೆದಳು. ಅದನ್ನು ತಾನು ಕಣ್ಣಾರೆ ಕಂಡಿದ್ದಳಂತೆ.

ನಂತರ ಒಂದು ದಿನ ತೊಡಿಕಾನಕ್ಕೆ ಹೋದೆವು. ಮಲ್ಲಿಕಾರ್ಜುನ ದೇವಸ್ಥಾನದ ಹತ್ತಿರದ ಹೊಳೆಯ ಮತ್ಸ್ಯತೀರ್ಥದಲ್ಲಿ ಕೈಯಳತೆಯಲ್ಲೇ ದೊಡ್ಡ ದೊಡ್ಡ ಪೆರುವೊಳು ಮೀನುಗಳು. ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಆಮ್ಲಜನಕ ತುಂಬಿದ ಹರಿಯುವ ನೀರು ಬೇಕಾದ ಜಾತಿ ಇದು. ಬೇರೆ ಕಡೆ ಕಡಿಮೆಯಾಗಿರುವಾಗ ಇಲ್ಲಿ ಉಳಿದಿರುವುದು ಬಲಪುಟದ ದೆಸೆಯಿಂದಲೇ.

ಕುಕ್ಕೆ ಸುಬ್ರಹ್ಮಣ್ಯ ಈಗ ಕಡಬ ತಾಲೂಕಿನಲ್ಲಿದೆ. ಚಂಪಾಷಷ್ಠಿಯ ಜಾತ್ರೆ ಮುಗಿದಿತ್ತು. ಗರುಡನಿಗೆ ಹೆದರಿದ ವಾಸುಕಿಗೆ ಆಶ್ರಯ ಸಿಕ್ಕಿದ ಕ್ಷೇತ್ರ ಇದು. ಸುಬ್ರಹ್ಮಣ್ಯನ ವಾಹನ ನವಿಲು, ಹಾವಿನ ವೈರಿ. ಅದೂ ಇಲ್ಲಿ ಹಾವಿನ ಜೊತೆಗೇ ಇದೆ. ಇದನ್ನೆಲ್ಲ ಕುಮಾರಧಾರೆಯ ಸ್ನಾನಘಟ್ಟದಲ್ಲಿ ನಿಂತು ಹೇಳುತ್ತಿದ್ದಾಗಲೇ ಮೇಲೆ ಸಿಳ್ಳೆಯಂಥ ಕೂಗು ಕೇಳಿತು. ರೆಕ್ಕೆಯ ಅಡಿಗೆ ಅಗಲವಾದ ಬಿಳಿ ಪಟ್ಟಿ, ಸುತ್ತು ಹಾಕುತ್ತಿತ್ತು. ಹಾವು ಹಿಡಿದು ತಿನ್ನುವ ಸರ್ಪಹದ್ದು! ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಮಾತಾಡಲಿಲ್ಲ, ಅವಳೇ ಬರೆದುಕೊಂಡಳು.

ಹಿಂದೆ ಬರುವಾಗ ಗದ್ದೆಯಲ್ಲಿ ಗಂಡು ನವಿಲು ಕಂಡಿತು. ಕೊರಳು ನೀಲಿ, ಆದರೆ ಗರಿ ಮೊಂಡು. “ಕ್ಯಾಲೆಂಡರಿನ ನವಿಲಿಗೆ ಹೀಗಿಲ್ಲ” ಎಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ನವಿಲು ಉದ್ದ ಗರಿ ಉದುರಿಸುತ್ತದೆ, ಫೆಬ್ರವರಿ ಹೊತ್ತಿಗೆ ಮತ್ತೆ ತುಂಬುತ್ತದೆ. ಈಗ ಅರ್ಧ ದಾರಿ. “ನೀವು ಸಣ್ಣವರಿದ್ದಾಗಲೂ ಹೀಗೇ ಗದ್ದೆಗೆ ಬರುತ್ತಿತ್ತಾ?” ಇಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಊರಲ್ಲಿ ನವಿಲನ್ನು ಕಂಡದ್ದು ದೇವರ ಪಟದಲ್ಲಿ ಮಾತ್ರ. ಸಂಜೆಯಾದರೆ ಗುಡ್ಡೆಯಲ್ಲಿ ನರಿ ಕೂಗುತ್ತಿತ್ತು, ಅದು ಈಗ ಇಲ್ಲ. ನವಿಲು ಬಂದದ್ದು ಯಾವ ವರ್ಷ, ನರಿ ನಿಂತದ್ದು ಯಾವ ವರ್ಷ? ಅಜ್ಜಿಯನ್ನು ಕೇಳಿದೆ, ನೆರೆಮನೆಯವರನ್ನು ಕೇಳಿದೆ. ಒಬ್ಬರು ಇಪ್ಪತ್ತು ವರ್ಷ ಅಂದರು, ಇನ್ನೊಬ್ಬರು ಹತ್ತು. ಇಷ್ಟು ಜನರ ಕಣ್ಣೆದುರೇ ಆದದ್ದು, ಯಾರೊಬ್ಬರೂ ಬರೆದಿಡಲಿಲ್ಲ.

ಹೊರಡುವ ದಿನ ಅವಳು ಶಾಲೆಗೆ ಬೇಕಾದ ಪುಟಗಳನ್ನು ಬೇರೆ ಹಾಳೆಗೆ ನಕಲು ಮಾಡಿಕೊಂಡು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ಬೇಸಗೆ ರಜೆಗೆ ಬಂದಾಗ ನೋಡುತ್ತಾಳಂತೆ. ಹಗ್ಗವನ್ನೂ ಬಿಟ್ಟಿದ್ದಾಳೆ. ನನ್ನ ಅಕ್ಷರದ ಮೊದಲ ಸಾಲು ಇದು:

“ಜನವರಿ 4. ಬೆಳಗ್ಗೆ 7.10. ಮೇಲಿನ ಗದ್ದೆ. ನವಿಲು ಒಂದು, ಗಂಡು. ಗರಿ ಮೊಳಕ್ಕಿಂತ ಸ್ವಲ್ಪ ಹೆಚ್ಚು. ಹುಲ್ಲಿನ ಬೀಜ ಹೆಕ್ಕುತ್ತಿತ್ತು.”