ಪೂರ್ವ ಭೂತಾನದ ಒಂದು ವಸತಿಶಾಲೆ

ಹುಬ್ಬಳ್ಳಿ ತಾಲೂಕಿನಲ್ಲಿ ಸುಳ್ಳವೆಂಬ ನಮ್ಮ ಗ್ರಾಮವಿರುವದು. ಎತ್ತ ನೋಡಿದರೂ ಕರಿಯ ಎರೆಭೂಮಿ, ಕಣ್ಣು ಹರಿಯುವಷ್ಟು ದೂರ ಬಯಲು. ಇಂಥ ಬಯಲಿನಲ್ಲಿ ಬೆಳೆದ ನಾವು ಸಂಸ್ಕೃತದಲ್ಲಿ ಪದವಿಯನ್ನು ಪಡೆದು, ಕೆಲಸದ ಸಲುವಾಗಿ ಎರಡು ವರುಷ ಅಲೆದು, ಕೊನೆಗೆ 1992ನೆಯ ಇಸವಿಯ ಫೆಬ್ರುವರಿಯಲ್ಲಿ ಭೂತಾನದ ಒಂದು ವಸತಿಶಾಲೆಗೆ ಅಧ್ಯಾಪಕರಾಗಿ ಹೊರಟೆವು. ಪರದೇಶದಲ್ಲಿ ಮಾಸ್ತರಿಕೆಯು ಹೇಗಿರುವದೆಂದು ತರುಣರು ಆಗಾಗ ಕೇಳುವದುಂಟು. ಅವರ ಸಲುವಾಗಿ ಆ ಮೊದಲನೆಯ ವರುಷದ ಸಂಗತಿಯನ್ನು ವಾಚಕರ ಮುಂದಿಡುವೆವು.

ಗುವಾಹಾಟಿಯ ವರೆಗೆ ರೈಲು. ಅಲ್ಲಿಂದ ಗಡಿಯ ಪಟ್ಟಣವಾದ ಸಮ್ದ್ರುಪ್ ಜೋಂಗ್ಖಾರಕ್ಕೆ ಮೋಟಾರು. ಅಲ್ಲಿಂದ ತ್ರಾಶಿಗಾಂಗಿಗೆ ಸುಮಾರು 180 ಕಿಲೋಮೀಟರು. ನಮ್ಮ ಕಡೆಗಾದರೆ ಊಟದ ಹೊತ್ತಿಗೆ ಮುಟ್ಟಬಹುದಾದ ದೂರ. ಅಲ್ಲಿ ಬೆಳಗಿನಿಂದ ಸಂಜೆಯ ವರೆಗೆ ಗಾಡಿಯು ಬೆಟ್ಟವನ್ನು ಸುತ್ತುತ್ತಲೇ ಇತ್ತು. ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಏನೂ ಇಲ್ಲ. ಆ ಪ್ರಯಾಣವನ್ನು ಹೆಚ್ಚಾಗಿ ವರ್ಣಿಸುವ ಮನಸ್ಸು ಈಗಲೂ ನಮಗಿಲ್ಲ.

ಭೂತಾನದಲ್ಲಿ ಹೊಸ ತರದ ಶಾಲೆಗಳು ಹೆಚ್ಚಿದ್ದು 1961ರಲ್ಲಿ ಆರಂಭವಾದ ಮೊದಲನೆಯ ಪಂಚವಾರ್ಷಿಕ ಯೋಜನೆಯ ತರುವಾಯ. ಅದಕ್ಕೂ ಮುಂಚೆ ವಿದ್ಯೆಯು ಬಹುಮಟ್ಟಿಗೆ ಬೌದ್ಧ ಮಠಗಳಲ್ಲಿಯೇ ಇತ್ತು. ಹೊಸ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕಲಿಸುವವರು ಆ ನಾಡಿನಲ್ಲಿ ಸಾಲದ್ದರಿಂದ ಹಿಂದುಸ್ಥಾನದಿಂದ ಕರೆಯಿಸಿಕೊಂಡರು. ಕೆನಡಾದ ಪಾದ್ರಿ ವಿಲಿಯಂ ಮ್ಯಾಕಿಯವರು 1963ರಲ್ಲಿ ಇದೇ ತ್ರಾಶಿಗಾಂಗ್ ಪ್ರಾಂತಕ್ಕೆ ಬಂದು ಶಾಲೆ ಕಟ್ಟಿದರು. ಮುಂದೆ ಅವರು ಆ ದೇಶದ ಪ್ರಜೆಯೇ ಆದರು. ಹಳ್ಳಿಗಳು ಬೆಟ್ಟದ ಮೇಲೊಂದು ಕಣಿವೆಯಲ್ಲೊಂದು ಚೆದರಿರುವದರಿಂದ ಮಕ್ಕಳು ದಿನಾಲು ಮನೆಯಿಂದ ಬಂದು ಹೋಗುವದು ಸಾಧ್ಯವಿರಲಿಲ್ಲ. ಎಂಟೊಂಬತ್ತು ವರುಷದ ಬಾಲಕರೂ ಹಾಸಿಗೆ ಹೊತ್ತುಕೊಂಡು ಬಂದು ಶಾಲೆಯಲ್ಲಿಯೇ ಇರತಕ್ಕದ್ದು.

ನಮಗೆ ಇತಿಹಾಸದ ಪಾಠವನ್ನೂ, ಚಿಕ್ಕ ಹುಡುಗರ ಒಂದು ಮಲಗುವ ಕೋಣೆಯ ಮೇಲ್ವಿಚಾರಣೆಯನ್ನೂ ಒಪ್ಪಿಸಿದರು. ಪಾಠವು ಹೇಗೋ ಸಾಗಿತು. ರಾತ್ರಿಯೇ ಕಠಿನ. ದೀಪವಾರಿಸಿದ ಮೇಲೆ ಒಬ್ಬ ಹುಡುಗನು ಕಿಟಕಿಯ ಹತ್ತಿರ ನಿಂತು ಎದುರಿನ ಬೆಟ್ಟವನ್ನು ನೋಡುತ್ತ ಸದ್ದಿಲ್ಲದೆ ಅಳುತ್ತಿದ್ದನು. ಅವನ ಊರು ಆ ಬೆಟ್ಟದಾಚೆ ಎರಡು ದಿನದ ಕಾಲ್ನಡಿಗೆಯಲ್ಲಿತ್ತು. ಸಮಾಧಾನ ಹೇಳಬೇಕೆಂದರೆ ನಮ್ಮ ಮಾತು ಅವನಿಗೆ ತಿಳಿಯದು, ಅವನದು ನಮಗೆ ತಿಳಿಯದು. ನಮ್ಮ ಕೋಣೆಯಲ್ಲಿ ನಮ್ಮ ಚೀಲವೂ ಬಿಚ್ಚದೆಯೇ ಬಿದ್ದಿತ್ತು. ಊರಿನಲ್ಲಿ ವೃದ್ಧ ತಾಯಿ ಒಬ್ಬಳೇ; ಕಾಗದ ಮುಟ್ಟಲಿಕ್ಕೆ ಮೂರು ವಾರ. ಏಪ್ರಿಲ್ ತಿಂಗಳಲ್ಲಿ ಒಂದು ಮುಂಜಾವಿನಲ್ಲಿ ಆ ಹುಡುಗನ ಹಾಸಿಗೆಯು ಬರಿದಾಗಿತ್ತು. ಹಿರಿಯ ಹುಡುಗರು ಕಣಿವೆಗಿಳಿದು ಹುಡುಕಿ, ಸಂಜೆಗೆ ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಇನ್ನೊಮ್ಮೆ ಓಡಿದರೆ ಪಟದಿಂದ ಹೆಸರು ತೆಗೆಯುವೆವೆಂದು ಮೇಲಿನವರು ಖಂಡಿತವಾಗಿ ಹೇಳಿಬಿಟ್ಟರು.

ಆ ಪ್ರಾಂತದ ಮಕ್ಕಳ ಮನೆಮಾತು ತ್ಶಾಂಗ್ಲಾ. ರಾಷ್ಟ್ರಭಾಷೆಯಾದ ಜೊಂಗ್ಖಾವನ್ನು ಅವರೂ ಶಾಲೆಯಲ್ಲಿಯೇ ಕಲಿಯಬೇಕು. ಉಳಿದ ಪುಸ್ತಕಗಳೆಲ್ಲ ಇಂಗ್ಲಿಷು. ಅಂದಮೇಲೆ ಆ ಬಾಲಕನೂ ನಮ್ಮಂತೆಯೇ ಪರಭಾಷೆಯ ನಡುವೆ ಬಿದ್ದವನು. ಮರುದಿನ ಸಂಜೆ ಅವನನ್ನು ಹತ್ತಿರ ಕೂಡ್ರಿಸಿಕೊಂಡು, ಜೊಂಗ್ಖಾ ಅಕ್ಷರಗಳನ್ನು ನಮಗೆ ಕಲಿಸೆಂದು ಸನ್ನೆಯಿಂದ ಹೇಳಿದೆವು. ಅವನು ಪಾಟಿಯ ಮೇಲೆ ಒಂದೊಂದೇ ಅಕ್ಷರವನ್ನು ಬರೆದು ಕೂಗಿದನು: ಕ, ಖ, ಗ, ಙ, ಚ, ಛ, ಜ, ಞ. ನಮಗೆ ರೋಮಾಂಚವಾಯಿತು! ಸುಳ್ಳದ ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಕ್ರಮವೇ ಅದು. ಘಕಾರ, ಝಕಾರ ಮೊದಲಾದವು ಮಾತ್ರ ಇಲ್ಲ. ಏಳನೆಯ ಶತಮಾನದಲ್ಲಿ ಥೊನ್ಮಿ ಸಂಭೋಟನೆಂಬ ಟಿಬೆಟ್ಟಿನ ಪಂಡಿತನು ಹಿಂದುಸ್ಥಾನಕ್ಕೆ ಬಂದು ಕಲಿತು ಹೋಗಿ ಈ ಲಿಪಿಯನ್ನು ರೂಪಿಸಿದನೆಂದು ಅವರ ಪರಂಪರೆಯು ಹೇಳುತ್ತದೆ. ಒಟ್ಟು 30 ಅಕ್ಷರ. ಸಂಸ್ಕೃತದ ಟವರ್ಗವನ್ನು ಬರೆಯಬೇಕಾದರೆ ತಮ್ಮ ತಕಾರಾದಿಗಳನ್ನೇ ತಿರುವುಮುರುವಾಗಿ ಬರೆಯುವರು. ಮಹಾಪ್ರಾಣಕ್ಕೆ ಕೆಳಗೆ ಹಕಾರವನ್ನು ಕೂಡಿಸುವರು. ಈ ಯುಕ್ತಿಯನ್ನು ಕಂಡರೆ ನಮ್ಮ ವೈಯಾಕರಣರೂ ತಲೆದೂಗಿಯಾರು. ನಾವು ಕನ್ನಡದ ಘಕಾರವನ್ನು ಬರೆದು ತೋರಿಸಿದಾಗ ಹುಡುಗನು ಹೊಟ್ಟೆ ಹಿಡಿದುಕೊಂಡು ನಕ್ಕನು. ಅಂದಿನಿಂದ ದಿನಾಲು ಸಂಜೆಗೆ ಅವನು ನಮ್ಮ ಗುರು. ತಪ್ಪು ಬರೆದರೆ ಕಿವಿಯನ್ನು ತೋರಿಸುವನು.

ಬೆಳಗಿನ ಪ್ರಾರ್ಥನೆಯೂ ಅಂದಿನಿಂದ ಬೇರೆಯಾಗಿ ಕೇಳಿಸಹತ್ತಿತು. ಮಕ್ಕಳು ಬಯಲಿನಲ್ಲಿ ಸಾಲಾಗಿ ನಿಂತು ಜಾಂಪೆಲ್ಯಾಂಗ್ ಎಂಬ ವಿದ್ಯಾಧಿದೇವತೆಯನ್ನು ಸ್ತುತಿಸುವರು. ಅವನೇ ಸಂಸ್ಕೃತದ ಮಂಜುಘೋಷ. ಕೊನೆಗೆ 'ಧೀ' ಎಂಬ ಬೀಜಾಕ್ಷರವನ್ನು ಒಂದೇ ಉಸುರಿನಲ್ಲಿ ಆದಷ್ಟು ಸಾರೆ ಹೇಳುವರು. ಧೀ ಎಂದರೆ ಬುದ್ಧಿ. ಜೊಂಗ್ಖಾ ಕಲಿಸುವವರನ್ನು ಮಕ್ಕಳು 'ಲೋಪೆನ್' ಎಂದು ಕರೆಯುವರು. ಆಚಾರ್ಯ ಶಬ್ದಕ್ಕೆ ಟಿಬೆಟ್ಟಿನ ಪಂಡಿತರು ಮಾಡಿಕೊಂಡ ಭಾಷಾಂತರವದು.

ಇಲ್ಲಿ ನಮಗೆ ಜರ್ಮನಿಯ ಕಿಟ್ಟೆಲರ ನೆನಪಾಗುತ್ತಿತ್ತು. ಅವರು 1853ರಲ್ಲಿ ಧಾರವಾಡಕ್ಕೆ ಬಂದಾಗ ಇಪ್ಪತ್ತೊಂದರ ತರುಣರು. ಕಲಿಸಬಂದವರು ಮೊದಲು ಕಲಿತರು. 1894ರಲ್ಲಿ ಅವರ ಕನ್ನಡ ನಿಘಂಟು ಅಚ್ಚಾಯಿತು. ನಾವು ನಿಘಂಟು ಬರೆಯುವವರಲ್ಲ. ಆದರೂ ಕಿಟ್ಟೆಲರ ಋಣದಲ್ಲಿರುವ ನಾಡಿನವರು ಇನ್ನೊಬ್ಬರ ನಾಡಿನಲ್ಲಿ ಬರಿಯ ಇಂಗ್ಲಿಷಿನಿಂದ ದಿನ ನೂಕುವದು ಸರಿಯಲ್ಲವೆಂದು ತೋರಿತು.

ಊಟದ ವಿಷಯವನ್ನು ಹೇಳದಿದ್ದರೆ ಮನೆಯ ಹೆಣ್ಣುಮಕ್ಕಳು ನಮ್ಮನ್ನು ಕ್ಷಮಿಸಲಿಕ್ಕಿಲ್ಲ. ಪೂರ್ವ ಭೂತಾನದಲ್ಲಿ ಗೋವಿನಜೋಳವೇ ಮುಖ್ಯ. ಅದನ್ನು ಒಡೆದು ಅಕ್ಕಿಯೊಡನೆ ಬೇಯಿಸಿದ್ದು ಖರಾಂಗ್. ನಮ್ಮ ಜೋಳದ ನುಚ್ಚಿನ ತಂಗಿಯೆನ್ನಬಹುದು. ಪಲ್ಯವೆಂದರೆ ಎಮಾ ದತ್ಶಿ. ಎಮಾ ಎಂದರೆ ಮೆಣಸಿನಕಾಯಿ, ದತ್ಶಿ ಎಂದರೆ ಗಿಣ್ಣ. ಅಲ್ಲಿ ಮೆಣಸಿನಕಾಯಿಯು ಒಗ್ಗರಣೆಯ ಪದಾರ್ಥವಲ್ಲ, ಕಾಯಿಪಲ್ಯವೇ. ಶರದೃತುವಿನಲ್ಲಿ ಮನೆಗಳ ಮಾಳಿಗೆಯೆಲ್ಲ ಕೆಂಪಾಗಿರುವದನ್ನು ಕಂಡು ಬ್ಯಾಡಗಿಯ ಪೇಟೆಯು ಕಣ್ಣಿಗೆ ಕಟ್ಟಿತು.

ಡಿಸೆಂಬರದಲ್ಲಿ ಶಾಲೆಗೆ ಚಳಿಗಾಲದ ರಜೆ. ಊರಿಗೆ ಬಂದಾಗ, ಅವ್ವನು ಸಂಬಳವನ್ನು ಕೇಳಲಿಲ್ಲ. "ಅಲ್ಲಿ ಹುಡುಗರು ರಾತ್ರಿ ಯಾರ ಹತ್ರ ಮಲಗತಾವಪಾ?" ಎಂದು ಕೇಳಿದಳು. ನಾವು ಎಲ್ಲವನ್ನೂ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ಹೋಗಿ ಬಾ. ನನಗ ಇಲ್ಲೆ ಓಣಿ ಮಂದಿ ಅದಾರ" ಎಂದಳು. ಫೆಬ್ರುವರಿಯಲ್ಲಿ ತಿರುಗಿ ಹೊರಟಾಗ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಜೊತೆಗೆ ಒಂದು ಗಂಟು ಬ್ಯಾಡಗಿ ಮೆಣಸಿನಕಾಯಿಯನ್ನು ಕಟ್ಟಿಕೊಟ್ಟಳು.

ಹುಡುಗನು ನಮಗಿಂತ ಒಂದು ದಿನ ಮೊದಲೇ ಬಂದಿದ್ದನು. ತಂದೆಯು ತಂದು ಬಿಟ್ಟು ಹೋಗಿದ್ದನಂತೆ. ನಾವು 1998ರ ಕೊನೆಯ ವರೆಗೆ, ಅಂದರೆ ಆ ದೇಶಕ್ಕೆ ದೂರದರ್ಶನವು ಬರುವ ಹಿಂದಿನ ವರುಷದ ವರೆಗೆ, ಅಲ್ಲಿದ್ದೆವು. ಅಷ್ಟರಲ್ಲಿ ಅವನು ಮೇಲಿನ ತರಗತಿಗೇರಿ, ಹೊಸದಾಗಿ ಬಂದ ಚಿಕ್ಕ ಹುಡುಗರ ಹಾಸಿಗೆಗಳನ್ನು ರಾತ್ರಿ ಎಣಿಸುತ್ತಿದ್ದನು. ಬ್ಯಾಡಗಿ ಕಾಯಿಯ ಗಂಟನ್ನು ಅಡಿಗೆಯವನಿಗೆ ಕೊಟ್ಟಿದ್ದೆವಷ್ಟೆ. ಬಣ್ಣವನ್ನು ಕಂಡು ಮೊದಲು ಬೆದರಿದ ಅವನು, ಒಂದನ್ನು ಕಡಿದು ನೋಡಿ, ನಿಮ್ಮ ದೇಶದಲ್ಲಿ ಇದನ್ನು ಬಟ್ಟೆಗೆ ಹಾಕುವರೋ ಬಾಯಿಗೆ ಹಾಕುವರೋ ಎಂದು ಕೇಳಿದನು.